ತಮ್ಮ ಉಳಿಸಿಕೊಂಡ ಮರ್ಯಾದೆ

ಪಂಗಾಯಿ, ಹಾಪಾಯಿ ದ್ವೀಪ
ಜೂನ್ ೧೮, ೨೦೧೯

ಪ್ರೀತಿಯ ತಮ್ಮ ಫೆಲೆತಿ,

ಹೇಗಿದ್ದೀಯ? ಬ್ರಿಸ್ಬೇನಿನ ಚಳಿಗೆ ನಿನ್ನ ಮೊಣಕಾಲು ನೋವು ಹೆಚ್ಚಾಗಿಲ್ಲ ತಾನೆ? ಇಲ್ಲಿ ಗೆಣಸು ಚೆನ್ನಾಗಿ ಬಂದಿದೆ. ನಿನ್ನ ಭಾವ ಈಗೀಗ ಗಂಡಸರ ಕೂಟದಲ್ಲಿ ಕೂತು ಮತ್ತು ಬರಿಸುವ ಕಾವಾ ಬೇರಿನ ರಸ ಕುಡಿಯುವುದನ್ನು ಬಿಟ್ಟು ಬೇಗ ಮನೆಗೆ ಬರುತ್ತಾರೆ. ಕಾಯಿಲೆಯವಳನ್ನು ಒಂಟಿಯಾಗಿ ಬಿಡಬಾರದಂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ನೆನಪಾಗಿದೆ.

ಹೌದು, ಕಾಯಿಲೆ. ಗರ್ಭಕಂಠದ ಕ್ಯಾನ್ಸರ್. ತಡವಾಯಿತು ಎಂದರು ಡಾಕ್ಟರು. ಅಕ್ಕ ತಮ್ಮನಿಗೆ ಬರೆಯಬಾರದ ಮಾತಿದು, ಗೊತ್ತು. ದೊಡ್ಡವರಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಮಲಗಿದವರಲ್ಲ, ಒಂದೇ ಕೋಣೆಯಲ್ಲಿ ಕೂತು ನಕ್ಕವರಲ್ಲ. ನಮ್ಮಲ್ಲಿ ಅಕ್ಕ ತಮ್ಮಂದಿರ ನಡುವೆ ಇರುವ ಆ ಕಟ್ಟನ್ನು ಇವತ್ತು ನಾನೇ ಮುರಿಯುತ್ತಿದ್ದೇನೆ. ನಾಚಿಕೆಯಾದರೆ ಆಗಲಿ.

ಎರಡು ವರ್ಷದ ಹಿಂದೆ ಕ್ರಿಸ್‌ಮಸ್ ರಜೆಗೆ ಬಂದಾಗ, ನೀನು ಚರ್ಚಿನ ಹಾಲಿನಲ್ಲಿ ಚಾಪೆ ಹೆಣೆಯುವ ಹೆಂಗಸರಿಗೆಲ್ಲ ನಿನ್ನ ಪ್ರಯೋಗಾಲಯದ ಕ್ಯಾನ್ಸರ್ ಸಂಶೋಧನೆಯ ವಿಷಯ ಹೇಳುತ್ತಿದ್ದೆ. ನಾನು ಬೇಯಿಸಿದ ಗೆಣಸಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದೆ. ನೀನು ತಟ್ಟನೆ ಬಾಯಿ ಮುಚ್ಚಿದೆ. "ಅಕ್ಕ ಬಂದ್ಲು ನೋಡ್ರೇ, ಡಾಕ್ಟ್ರ ನಾಲಿಗೆ ಬಿದ್ದೋಯ್ತು!" ಎಂದು ಪಕ್ಕದ ಮನೆಯ ಲಾವಿನಿಯಾ ನಕ್ಕಳು. ನಾನು ಬುಟ್ಟಿ ಇಟ್ಟು ಹೊರಟುಬಿಟ್ಟೆ. ಎಂಥ ಮರ್ಯಾದಸ್ಥ ತಮ್ಮ ಎಂದು ದಾರಿಯುದ್ದಕ್ಕೂ ಹಿಗ್ಗಿದೆ.

ಅವತ್ತು ನೀನು ಹೇಳಿದ್ದನ್ನು ಹೋದ ವಾರ ಲಾವಿನಿಯಾ ಬಾಯಲ್ಲಿ ಕೇಳಿದೆ. ಈ ಕ್ಯಾನ್ಸರ್ ತರುವುದು ಒಂದು ವೈರಸ್ಸಂತೆ. ಅದು ಮೈ ಸೇರಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲವಂತೆ, ಎಷ್ಟೋ ಜನರಲ್ಲಿ ತಾನೇ ಹೋಗುತ್ತದಂತೆ. ಉಳಿದುಕೊಂಡ ಕಡೆ, ನಮ್ಮನ್ನು ಎತ್ತರಕ್ಕೆ ಬೆಳೆಸಿದ ಬೆಳವಣಿಗೆಯ ಹಾರ್ಮೋನುಗಳೇ ಕೆಟ್ಟ ಜೀವಕೋಶಗಳನ್ನೂ ಉಣಿಸಿ ಸಾಕುತ್ತವೆಯೇ ಎಂದು ನೀನು ಹುಡುಕುತ್ತಿದ್ದೀಯಂತೆ. ಬೇಗ ಪರೀಕ್ಷೆ ಮಾಡಿಸಿದರೆ ಗಡ್ಡೆಯಾಗುವ ಮೊದಲೇ ತೆಗೆಯಬಹುದಂತೆ. ಅವಳು ಮಾಡಿಸಿಕೊಂಡು ಗುಣವಾದಳು. "ನಿಂಗೊತ್ತಿರ್ಲಿಲ್ವೇನೇ? ನಮಗೆಲ್ಲ ಹೇಳಿದ್ದು ನಿನ್ ತಮ್ಮಾನೇ ಅಲ್ವಾ!" ಎಂದಳು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಮುಟ್ಟಿಲ್ಲದ ದಿನಗಳಲ್ಲೂ ರಕ್ತ ಹೋಗುತ್ತಿದೆ ಎಂದು ಅದೇ ರಜೆಯಲ್ಲಿ ನಿನ್ನ ಹೆಂಡತಿಗೆ ಹೇಳಿದ್ದೆ. ಅವಳು ಅಂದೇ ನಿನಗೆ ತಿಳಿಸಿದಳಂತೆ. "ಅಕ್ಕನ ವಿಷಯ ನನ್ ಕಿವಿಗೆ ಹಾಕ್ಬೇಡ" ಎಂದು ನೀನು ಎದ್ದುಹೋದೆಯಂತೆ. ಮೊನ್ನೆ ಫೋನಿನಲ್ಲಿ ಅಳುತ್ತ ಅವಳೇ ಹೇಳಿದಳು. ಅವಳ ಬಾಯಲ್ಲಾದರೂ ಪರೀಕ್ಷೆ ಮಾಡಿಸು ಎಂದು ಹೇಳಿಸಬಹುದಿತ್ತಲ್ಲೋ! ಊರ ಹೆಂಗಸರಿಗೆಲ್ಲ ದಾರಿ ತೋರಿಸಿ ನನ್ನೊಬ್ಬಳನ್ನು ಕೈಬಿಟ್ಟೆ. ನನ್ನ ಮೈ ನನಗೆ ಮಾಡಿದ ಮೋಸಕ್ಕಿಂತ ನಿನ್ನದೇ ಹೆಚ್ಚು ಉರಿಯುತ್ತದೆ.

ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿನಲ್ಲೇ ಹರಸುತ್ತಿದ್ದೇನೆ, ಆದರೂ ಮನಸಾರೆ.

ನಿನ್ನ ಅಕ್ಕ,
ಮೆಲೆನೈತೆ

ಮರೆತಿದ್ದೆ: ನನ್ನ ಮಗಳು ಸೇಯಿನಿ ಶುಕ್ರವಾರದ ವಿಮಾನಕ್ಕೆ ನಿನ್ನಲ್ಲಿಗೆ ಬರುತ್ತಿದ್ದಾಳೆ. ಸೋದರಸೊಸೆ ಮಾವನನ್ನು ಏನು ಬೇಕಾದರೂ ಕೇಳಬಹುದು, ಆ ಹಕ್ಕು ನಮ್ಮಲ್ಲಿದೆ. ಅವಳಿಗೆ ಆ ವೈರಸ್ ತಡೆಯುವ ಲಸಿಕೆ ಹಾಕಿಸು. ನನಗೆ ಹೇಳದ್ದನ್ನೆಲ್ಲ ಅವಳಿಗೆ ಹೇಳು. ನಮ್ಮಲ್ಲಿ ಸೋದರಮಾವನ ಮಗನೂ ಒಡಹುಟ್ಟಿದವನಂತೆಯೇ, ಹಾಗಾಗಿ ನಿನ್ನ ಮಗ ಅವಳಿಗೆ ಅಣ್ಣ, ಅವರಿಗೂ ಅದೇ ಕಟ್ಟು. ಅವನು ಅಲ್ಲಿದ್ದರೆ ಅವನನ್ನೇ ಹೊರಗೆ ಕಳಿಸು, ಅವಳು ಎದ್ದುಹೋಗಬಾರದು. ಇಷ್ಟು ಮಾಡದೆ, ನನ್ನ ಸಾವಿಗೆ ಶೋಕದ ಹರಕು ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು ಅಳಲು ಬರಬೇಡ.