ಆ ಮುಡಿ ಬಿಚ್ಚಬೇಡ, ಬೀರಜ್ಜಿ

ಉಪ್ಪುನೀರು ಊರೊಳಗೆ ಬಂದ ಐವತ್ತೆಂಟನೆಯ ವರ್ಷ, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ. ನಿನ್ನ ಕ್ಯಾಲೆಂಡರಿನಲ್ಲಿ ಇದು 2139.

ಬೀರಜ್ಜಿ,

ನಾನು ನಿನ್ನ ಮರಿಮಗಳ ಮಗಳು, ಹೊನ್ನಮ್ಮ. ಈ ಕಾಗದ ನಿನ್ನ ಕೈ ಸೇರುವುದು ಹೇಗೆಂದು ಕೇಳಬೇಡ, ನನಗೂ ತಿಳಿಯದು. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ಎರಡನೆಯದಕ್ಕೆ ಬೇರೆ ಹೆಸರಿಡುವ ಉತ್ಸಾಹ ಯಾರಿಗೂ ಉಳಿದಿಲ್ಲ.

ನಾವಿರುವುದು ಏರುಮನೆಯಲ್ಲಿ, ಅಂದರೆ ಕಂಬಗಳ ಮೇಲೆ ಕಟ್ಟಿದ ಮನೆ. ನಿನ್ನ ಅಂಗಳವಿದ್ದ ಜಾಗದಲ್ಲಿ ಏಡಿಗಳು ಓಡಾಡುತ್ತವೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ‘ನೆರಳುಹೊತ್ತು’, ಆಗ ಯಾರೂ ಹೊರಗೆ ಕಾಲಿಡುವಂತಿಲ್ಲ. ಕುಡಿಯುವ ನೀರು ಹೊಳೆಯ ಮೇಲ್ಗಡೆಯಿಂದ ದೋಣಿಯಲ್ಲಿ ಬರುತ್ತದೆ, ದಿನಕ್ಕೆ ತಲೆಗೆ ಎರಡು ತಂಬಿಗೆ. ಅಡುಗೆ ಬಿಸಿಲೊಲೆಯಲ್ಲಿ, ಬಿಸಿಲಿಗೇನು ಬರ! ಅನ್ನ ಮಾತ್ರ ಇಲ್ಲ. ಉಪ್ಪುನೀರಲ್ಲಿ ಬೆಳೆಯುತ್ತದೆಂದು ಹೊರಗಿನಿಂದ ಮೂರು ಬಗೆಯ ಭತ್ತ ತರಿಸಿ ಬಿತ್ತಿದೆವು. ಮೂರೂ ಗೇಣುದ್ದ ಬಂದು ಹಳದಿಯಾಗಿ ಸತ್ತವು. ಈ ತಿಂಗಳ ಕೊನೆಗೆ ನಮ್ಮ ಊರು ‘ಬಿಟ್ಟೂರು ಪಟ್ಟಿ’ ಸೇರುತ್ತದೆ. ತನ್ನ ಅನ್ನ ತಾನು ಬೆಳೆಯಲಾರದ ಊರನ್ನು ಆ ಪಟ್ಟಿಗೆ ಬರೆದು, ಜನರನ್ನು ಎಬ್ಬಿಸಿ, ಸಿಕ್ಕಸಿಕ್ಕ ಕಡೆ ಹಂಚುತ್ತಾರೆ. ನನಗೊಂದು ಊರು ಬಂದಿದೆ, ನನ್ನ ಮಗಳಿಗೆ ಇನ್ನೊಂದು.

ನಮಗೆ ಬೇಕಾದ ಬೀಜ ನಿನ್ನ ಅಟ್ಟದ ಮೇಲಿದೆ, ಅಜ್ಜಿ. ಕಗ್ಗ. ಹೊಳೆ ಸಮುದ್ರ ಸೇರುವಲ್ಲಿನ ಗಜನಿ ಗದ್ದೆಯಲ್ಲಿ, ಗೊಬ್ಬರ ಕೇಳದೆ, ಉಪ್ಪುನೀರಲ್ಲಿ ಮುಳುಗಿದ್ದೂ ಬದುಕುವ ಭತ್ತ. ಊರವರೆಲ್ಲ ಗಜನಿಯನ್ನು ಸಿಗಡಿ ಸಾಕಲು ಕೊಟ್ಟಾಗ ನೀನೊಬ್ಬಳೇ ಹಟ ಹಿಡಿದು ಕಗ್ಗ ಬಿತ್ತಿದೆ. ಗಜನಿಯ ಕಟ್ಟೆ ಒಡೆದು ಬೆಳೆ ಕೊಚ್ಚಿಹೋದ ವರ್ಷ ಉಳಿದದ್ದು ಒಂದೇ ಸಣ್ಣ ಮುಡಿ, ಹುಲ್ಲಿನಲ್ಲಿ ಬಿಗಿದು ಕಟ್ಟಿದ ಬಿತ್ತನೆಯ ಭತ್ತ.

ಮುಂದಿನದು ನಿನಗೆ ಇನ್ನೂ ನಡೆದಿಲ್ಲ, ನಮಗೆ ನಡೆದುಹೋಗಿದೆ. ಸಮುದ್ರ ಏರುತ್ತಿರುವ ಬಡದೇಶಗಳಿಂದ ಹನ್ನೆರಡು ಜನ ನಿನ್ನ ಕಗ್ಗ ನೋಡಲು ಬಂದರು. ದೊಡ್ಡ ಗೋಡೆ, ದೊಡ್ಡ ಯಂತ್ರಗಳಿಗೆ ಗತಿಯಿಲ್ಲದವರು. ಇಂಥ ಬೀಜವೊಂದಿದ್ದರೆ ತಮ್ಮ ನೆಲದಲ್ಲೇ ಬಾಳಬಹುದೆಂದು ನಂಬಿದವರು. ನೀನು ಆ ಮುಡಿ ಬಿಚ್ಚಿ, ಇದ್ದಷ್ಟೂ ಭತ್ತ ಕುದಿಸಿ, ಒಣಗಿಸಿ, ಕುಟ್ಟಿ, ಅವರಿಗೆ ಕೆಂಪಕ್ಕಿಯ ಅನ್ನ ಬಡಿಸಿದೆ! ಪಕ್ಕದ ಮನೆಯ ದೇವಮ್ಮ ತಡೆದಳಂತೆ. ಅದಕ್ಕೆ ನೀನು, “ಮನೆಗೆ ಬಂದವ್ರಿಗೆ ಅಂಗಡಿ ಅಕ್ಕಿ ಬಡ್ಸುದಾ? ಮರ್ಯಾದೆ ಬೇಡ್ವೇನೇ? ಬೀಜ ಎಲ್ಲಾದ್ರೂ ಸಿಗ್ತದೆ” ಎಂದೆಯಂತೆ. ಎಲ್ಲೂ ಸಿಗಲಿಲ್ಲ. ಮರುವರ್ಷ ಅವರು ಬೀಜ ಕೇಳಿ ಬರೆದಾಗ ಕೊಡಲು ನಿನ್ನಲ್ಲಿ ಒಂದು ಹಿಡಿಯೂ ಇರಲಿಲ್ಲ.

ಅಮ್ಮ ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು, ಪರದೇಶದವರು ಎರಡೆರಡು ಸಲ ಹಾಕಿಸಿಕೊಂಡು ಉಂಡರು ಎಂದು. ನಾನೂ ಹೆಮ್ಮೆಪಟ್ಟೆ. ಅಯ್ಯೋ, ಎಂಥ ಮಂಕುದಿಣ್ಣೆಗಳು ನಾವು! ನಿನ್ನ ಮೇಲೆ ಸಿಟ್ಟು ಬರುತ್ತದೆ, ಆದರೆ ಬೈಯಲು ನನಗೆ ಬಾಯಿಲ್ಲ. ಮೊನ್ನೆ ಊರಿನ ಹೆಸರನ್ನು ಪಟ್ಟಿಗೆ ಬರೆಯಲು ಬಂದ ಅಧಿಕಾರಿಗೆ ಆ ದಿನದ ನನ್ನ ಎರಡೂ ತಂಬಿಗೆ ನೀರು ಕೊಟ್ಟುಬಿಟ್ಟೆ. ಕೊಡದಿದ್ದರೆ ಏನಂದುಕೊಂಡಾನು ಎಂಬ ಚಿಂತೆ. ನಿನ್ನ ರಕ್ತವೇ ತಾನೇ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಅವರು ಬರಲು ಇನ್ನೂ ಒಂದು ವಾರವಿದೆ. ಮುಡಿಗೆ ಕೈ ಹಚ್ಚಬೇಡ. ಅಂಗಡಿ ಅಕ್ಕಿಯ ಗಂಜಿ, ಬಂಗಡೆ ಸಾರು ಸಾಕು. ಹೊರಡುವಾಗ ಒಬ್ಬೊಬ್ಬರಿಗೂ ಒಂದೊಂದು ಹಿಡಿ ಕಗ್ಗ ಕೊಟ್ಟು, ಬಿತ್ತಿಕೊಳ್ಳಿ ಎನ್ನು. ದೇವಮ್ಮನ ಗದ್ದೆಗೂ ಒಂದಿಷ್ಟು ಕೊಡು, ಉಳಿದದ್ದನ್ನು ನೀನು ಬಿತ್ತು. ನೆಟ್ಟಗೆ ಒಂದು ಊಟ ಹಾಕಲಿಲ್ಲ ಎಂದು ಯಾರಾದರೂ ಆಡಿಕೊಂಡರೆ ಆಡಿಕೊಳ್ಳಲಿ. ಇದು ಜಿಪುಣರ ಊರು ಎಂದೇ ಹೆಸರಾಗಲಿ, ಅಜ್ಜಿ. ಹಾಗೆ ಕರೆಯಲಾದರೂ ಒಂದು ಊರು ಉಳಿಯಲಿ.

ನಿನ್ನ
ಹೊನ್ನಮ್ಮ