ಹೆಲೆನಮ್ಮನ ಎಡೆ

೪-೬-೬೮, ಮಂಗಳವಾರ

ಹಾಲು ಕರೆದೆ. ಕೊಟ್ಟಿಗೆ ಗುಡಿಸಿದೆ. ದೇವರಿಗೆ ದೀಪ. ಮೊಮ್ಮಗಳು ಮಲ್ಲಿ ಹುರುಳಿ ಹಸನು ಮಾಡ್ತಿತ್ತು — ಒಂದು ಕಲ್ಲೂ ಉಳಿಸೊಲ್ಲ. ಸಿಡುಬಿನಲ್ಲಿ ಅದರ ಎರಡು ಕಣ್ಣೂ ಹೋಗಿ ನಾಲ್ಕು ವರ್ಷ.

ಮಂಚಯ್ಯ ಮೇಷ್ಟ್ರು ಜಗಲಿ ಮೇಲೆ ಪೇಪರ್ ಓದಿದರು. ದೂರದೇಶದ ದೊಡ್ಡೋರು ಸತ್ತರೆ ತಪ್ಪದೆ ಹೇಳ್ತಾರೆ. ಮಾರ್ಚಿನಲ್ಲಿ, ಆಕಾಶಕ್ಕೆ ಹೋಗಿಬಂದಿದ್ದ ರಷ್ಯಾದವನು. ಏಪ್ರಿಲ್‌ನಲ್ಲಿ ಅಮೆರಿಕದ ಪಾದ್ರಿ, ಪಾಪ, ಗುಂಡಿಗೆ. ಇವತ್ತು ಹೆಲೆನ್ ಕೆಲ್ಲರ್ ಅಂತ ಒಬ್ಬ ಹೆಂಗಸು. ಕಣ್ಣಿಲ್ಲ, ಕಿವಿಯಿಲ್ಲ. ಬೆರಳಲ್ಲೇ ಓದು ಕಲಿತು ಪುಸ್ತಕ ಬರೆದರಂತೆ!

"ಕಣ್ಣಿಲ್ಲದ ಮಕ್ಕಳಿಗೆ ಹಂಗೆ ಕಲಿಸೋ ಸ್ಕೂಲು ಮೈಸೂರಲ್ಲೂ ಇದೆ ಕಣ್ರಮ್ಮ," ಅಂದರು ಮೇಷ್ಟ್ರು.

ತಲೆಗೆ ನೀರು ಹಾಕ್ಕೊಂಡೆ. ವಾರಗಿತ್ತಿ ದೊಡ್ಡತಾಯಮ್ಮ ನಕ್ಕಳು — "ನಿಂಗ್ಯಾಕಕ್ಕ ಸೂತಕ? ಆಯಮ್ಮ ದಾಯಾದಿಯಾ?"

ಇರಲಿ.

೯-೬-೬೮

ಮಲ್ಲೀನ ಆ ಸ್ಕೂಲಿಗೆ ಕಳಿಸೋ ಮಾತು ಯಜಮಾನರ ಹತ್ರ ಎತ್ತಿದೆ. "ಕಣ್ಣಿಲ್ಲದ ಹೆಣ್ಮಗ. ಅಲ್ಲಿ ಯಾರ್ ನೋಡ್ತಾರೆ? ನಮ್ಮ ಹಿರೀಕರು ಮೆಚ್ತಾರಾ?" ಎಲ್ಲಕ್ಕೂ ಹಿರೀಕರು ಇವರಿಗೆ. ನಾನೂ ಬಿಡಲಿಲ್ಲ. ಮೇಷ್ಟ್ರ ಕೈಲಿ ಸ್ಕೂಲಿಗೆ ಕಾಗದ ಬರೆಸಿದೆ.

೨೯-೮-೬೮

ಉತ್ತರ ಬಂತು. ದಸರಾ ಕಳೆದ ಮೇಲೆ ಕರ್ಕೊಂಡು ಬನ್ನಿ ಅಂತ. ದೇವರ ಪಟದ ಹಿಂದೆ ಇಟ್ಟಿದೀನಿ.

೨೨-೯-೬೮, ಮಾಳಯ ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ಟೆ. ಅವರವರಿಗೆ ಇಷ್ಟವಾದದ್ದು — ಮಾವನಿಗೆ ಕೋಳಿಸಾರು, ಅತ್ತೆಗೆ ಕಜ್ಜಾಯ. ಕೊನೇಲಿ ಒಂದು ಎಲೆ ಹೆಚ್ಚಿಗೆ.

"ಇದ್ಯಾರಿಗೆ?" ಅಂದರು ಯಜಮಾನರು.

"ಹೆಲೆನಮ್ಮಂಗೆ."

ಆಯಮ್ಮನಿಗೆ ಏನಿಷ್ಟವೋ ಗೊತ್ತಿಲ್ಲ. ಶಾವಿಗೆ ಪಾಯಸ ಬಟ್ಟಲಲ್ಲಿ ಇಟ್ಟೆ. ಆ ಕಡೆಯೋರು ಚಮಚದಲ್ಲಿ ತಿಂತಾರಂತೆ. ಮೇಷ್ಟ್ರ ಮನೆಯಿಂದ ಒಂದು ತಂದಿದ್ದೆ.

"ದೊರೆಸಾನಿ ಬ್ರೆಡ್ಡು ಕೇಳಿದ್ರೆ ಏನಕ್ಕ ಮಾಡ್ತೀಯ?" ಅಂದಳು ದೊಡ್ಡತಾಯಮ್ಮ.

"ರೊಟ್ಟಿ ಸುಡ್ತೀನಿ ಬುಡು."

ಯಜಮಾನರೂ ನಕ್ಕರು. "ಆಯಮ್ಮ ನಮ್ಮ ಹಿರೀಕರ ಸಾಲಲ್ಲಿ ಕೂತು ಉಂಡ್ರೆ ಮಗೀನ ಕಳಿಸ್ತೀನಿ, ತಗೊ."

ಹಾಸ್ಯಕ್ಕೇ ಅಂದದ್ದು. ಆದರೂ ಎಡೆ ಮುಂದೆ ಆಡಿದ ಮಾತು.

ಕದ ಹಾಕಬೇಕು. ಹಿರಿಯರು ಉಣ್ಣೋದನ್ನ ಯಾರೂ ನೋಡಬಾರದು. ಎಲ್ಲ ಆಚೆ ಬಂದೆವು. ಮಲ್ಲಿ ಏಳಲಿಲ್ಲ. "ನಂಗೆ ಕಾಣಾಕಿಲ್ವಲ್ಲಜ್ಜಿ! ಇಲ್ಲೇ ಇರ್ತೀನಿ." ಅಲ್ಲೇ ಬಿಟ್ಟು ಕದ ಹಾಕಿದೆ.

ಸ್ವಲ್ಪ ಹೊತ್ತು... ಒಳಗೆ ಟಣ್. ಬಟ್ಟಲಿಗೆ ಚಮಚ ತಾಗಿದ ಸದ್ದು. ಯಜಮಾನರು ಎದ್ದು ನಿಂತು ಕೈಮುಗಿದರು.

ಕದ ತಟ್ಟಿ ಮೊದಲು ನಾನೇ ಹೋದೆ. ಪಾಯಸ ಅರ್ಧ ಖಾಲಿ. ಗೋಡೆಗೆ ಒರಗಿ ಕೂತಿದ್ದ ಮಲ್ಲಿ ಗಲ್ಲದ ಮೇಲೆ ಶಾವಿಗೆ ಎಳೆ. ಸೆರಗಲ್ಲಿ ಒರೆಸಿಬಿಟ್ಟೆ.

ದೇವರಿಗೆ ತಪ್ಪುಕಾಣಿಕೆ ಕಟ್ಟಿದೀನಿ. ಇವರಿಗೆ ಹೇಳೊಲ್ಲ.

೧೪-೧೦-೬೮, ಬೆಳಿಗ್ಗೆ ಆರು

ಗಂಟು ಕಟ್ಟಿ ಆಯ್ತು. ಮೈಸೂರುವರೆಗೂ ಇವರೇ ಬರ್ತಾರಂತೆ. ಬಸ್ಸು ನೋಡೋಕೆ ರಸ್ತೆಗೆ ಹೋಗಿದಾರೆ. ಜಡೆ ಹಾಕ್ತಾ ಮಲ್ಲಿ ಕಿವೀಲಿ ಕೇಳಿದೆ — ಅವತ್ತು ಚಮಚದಲ್ಲಿ ಪಾಯಸ ತಿಂದೋಳು ನೀನೇ ತಾನೆ?

"ಊಂ ಕಣಜ್ಜಿ. ಎಲ್ಡು ಸಲ ಬೆರಳಲ್ಲಿ ನೆಕ್ಕಂಡೆ, ಅಷ್ಟೆಯ. ಚಮಚ ಅಂದ್ರೇನಜ್ಜಿ?"

ಹಂಗಾದರೆ ಆ ಸದ್ದು... ಬಸ್ಸು ಹಾರನ್ ಹಾಕ್ತಿದೆ. ಇವರು ಕೂಗ್ತಿದಾರೆ. ಆಮೇಲೆ ಬರೀತೀನಿ, ಬಟ್ಟಲಲ್ಲಿ ಅರ್ಧ ಖಾಲಿ ಅಂದರೆ ಎರಡು ಸಲ ನೆಕ್ಕಿದ್ದಕ್ಕೆ ಅಷ್ಟೊಂದು