ನೋಡ್ತಾ ಇರೋಣ

ಇಸ್ತ್ರಿ ಅಂಗಡಿಯಿಂದ,
ಹತ್ತನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹಡಗಿನಲ್ಲಿ ಅಷ್ಟು ಜನಕ್ಕೆ ಬೇಯಿಸಿ ಹಾಕುವ ಗಡಿಬಿಡಿಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಮೊಣಕೈ ಸುಟ್ಟುಕೊಂಡಿದ್ದು ಮಾಯಿತಾ? ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ, ಮಗಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೀನಿ ಅಂತ ಬರೆದು ಹೊಡೆದುಹಾಕಿದ್ದೀನಿ, ನೋಡು.

ನನ್ನ ರಕ್ತದಲ್ಲಿ ಬೇಡದ ಪ್ರೊಟೀನ್ ಒಂದಿದೆ ಅಂತ ನಿನಗೆ ಗೊತ್ತಲ್ಲ. ಡಾಕ್ಟರಮ್ಮ ಮೊದಲೇ ಹೇಳಿದ್ದರು, "ಇದು ಕಾಯಿಲೆ ಅಲ್ಲಮ್ಮ, ಔಷಧಿಯೂ ಬೇಡ. ಅಪರೂಪಕ್ಕೆ ಯಾರಿಗಾದರೂ ಮುಂದೆ ಕ್ಯಾನ್ಸರಿಗೆ ತಿರುಗುತ್ತೆ, ಅದಕ್ಕೆ ವರ್ಷವರ್ಷ ನೋಡ್ತಾ ಇರೋಣ." ಅವರು ನೋಡೋದು ವರ್ಷಕ್ಕೊಂದು ದಿನ, ನಾನು ನೋಡೋದು ದಿನಾ. ಸೊಂಟ ಹಿಡಿದರೆ ಅದೇನಾ, ಸುಸ್ತಾದರೆ ಅದೇನಾ. ಮೊದಮೊದಲು ನಿನ್ನ ಭಾವ ಆಸ್ಪತ್ರೆಗೆ ಜೊತೆಗೆ ಬರುತ್ತಿದ್ದರು. ಈಗ "ಏನೂ ಇಲ್ಲ ಅಂತಾರೆ, ಹೋಗಿ ಬಾ" ಅಂದುಬಿಡುತ್ತಾರೆ. ಅವರದೂ ತಪ್ಪಲ್ಲ ಬಿಡು, ಎಷ್ಟು ವರ್ಷ ಅಂತ ಹೆದರುತ್ತಾರೆ?

ಈ ಸಲ ಅದರ ಪ್ರಮಾಣ ಏರಿದೆ. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಮನೆಯಲ್ಲಿ ಹೇಳದೆ ಒಬ್ಬಳೇ ಹೋಗಿದ್ದೆ. ರಿಪೋರ್ಟು ಇನ್ನೂ ಬಂದಿಲ್ಲ. ನಿನ್ನೆ ಸಂಗೀತದ ಮೇಷ್ಟ್ರ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟವಳು ಎತ್ತೋದನ್ನೇ ಮರೆತೆ. ಬೆನ್ನಿಗೆ ಅಂಗೈಯಗಲ ಕಂದು ಕಲೆ. "ಕಣ್ಣು ಎಲ್ಲಿತ್ತಮ್ಮ?" ಅಂತ ಅವರು ಕೂಗಾಡಿದರು. ನನಗೇನಾಯಿತೋ, "ನಂಗೆ ಕ್ಯಾನ್ಸರ್ ಇರಬಹುದು ಸಾರ್" ಅಂದುಬಿಟ್ಟೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಯಾರಿಗೆ, ಅಂಗಿ ಸುಡಿಸಿಕೊಂಡವರಿಗೆ! ಪಾಪ, ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ನಾನು ಅತ್ತು ಮುಗಿಸೋತನಕ ಏಳಲಿಲ್ಲ. ಹೋಗುವಾಗ "ನಿಮ್ಮವರು ಅಂತ ಯಾರೂ ಇಲ್ವಾ?" ಅಂದರು. ಇದ್ದಾರೆ ಅಂದೆ. ಇದ್ದಾರೆ, ತಮ್ಮಾ, ಆದರೆ ಹೇಳೋಕೆ ಅಂತ ಹೋಗಿ ಊಟಕ್ಕೇನು ಮಾಡಲಿ ಅಂತ ಕೇಳಿ ಬರುತ್ತೀನಿ. ಮಗಳಿಗೆ ಜಡೆ ಹಾಕುವಾಗ ಅದೇ ಯೋಚನೆಯಲ್ಲಿ ಬಿಗಿಯಾಗಿ ಎಳೆದುಬಿಡುತ್ತೀನಿ. "ಎಳೀಬೇಡಮ್ಮಾ" ಅಂತಾಳೆ, ಅವಳಿಗೇನು ಗೊತ್ತು.

ಒಲೆಯ ಹತ್ತಿರ ಹುಷಾರು ಕಣೋ. ಯಾವ ನೀರಿನ ಮೇಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಡಾಕ್ಟರಮ್ಮನ ಫೋನ್ ಬಂತು. ಮಜ್ಜೆಯಲ್ಲಿ ಕ್ಯಾನ್ಸರ್ ಇಲ್ಲವಂತೆ. ಆದರೆ ಪ್ರಮಾಣ ಏರಿದೆಯಲ್ಲ, ಇನ್ನು ಮೇಲೆ ಮೂರು ತಿಂಗಳಿಗೊಮ್ಮೆ ಬರಬೇಕಂತೆ. ಕುಣಿದಾಡಬೇಕಿತ್ತು, ಬಟ್ಟೆಗಂಟಿನ ಮೇಲೆ ಕೂತುಬಿಟ್ಟೆ. ಕಾಯಿಲೆ ಅಂತ ಆಗಿದ್ದರೆ ಎಲ್ಲರೂ ಓಡಿ ಬರುತ್ತಿದ್ದರು. ಕಾಯಿಲೆ ಅಲ್ಲ ಅಂತ ತಿಳಿದೂ ಬರೋನು ಒಬ್ಬ ಬೇಕು ನನಗೆ. ರಜೆ ಕೇಳಿಕೊಂಡು ಬಾರೋ. ಮುಂದಿನ ಸಲ ಒಬ್ಬಳೇ ಹೋಗಲಾರೆ.